ನೋಡಾವರು ಏನಂತಾರ?

ಇವತ್ತು ಬೆಳಿಗ್ಗೆ ಚಟ್ನಿಗೆಂದು ಶೇಂಗಾ ಹುರಿಯುತ್ತಿದ್ದೆ. ಸಿಪ್ಪೆ ಬಿರಿದು, ಇನ್ನೇನು ಕಪ್ಪಾಗಬೇಕು ಅನ್ನುವುದಕ್ಕೆ ತುಸು ಮೊದಲು ಒಂದು ವಾಸನೆ ಬರುತ್ತದಲ್ಲ, ನಮ್ಮ ಬೆಳಗಾವಿಯ ಯಾವ ಅಡಿಗೆಮನೆಗೆ ಹೋದರೂ ಅದು ಸಿಕ್ಕೇ ಸಿಗುತ್ತದೆ. ಬೇರೆಯವರಿಗೆ ಅದರಿಂದ ಅವ್ವ ನೆನಪಾಗಬಹುದು, ಹೋಳಿಗೆ ನೆನಪಾಗಬಹುದು. ನನಗೆ ಕೊಲೆ ನೆನಪಾಗುತ್ತದೆ. ಗಾಬರಿಯಾಗಬೇಡಿ, ಹೇಳುತ್ತೇನೆ.

ಒಂದೆರಡು ವರ್ಷದ ಹಿಂದಿನ ಮಾತು. ಟಿಳಕವಾಡಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಊಟದ ಪಾತ್ರೆ ತೊಳೆದಿಟ್ಟ ಮೇಲೆ ಸಂಜೆಯ ಚಹಾದವರೆಗೆ ಯಾರಿಗೂ ಬೇಡದ ಒಂದು ಹೊತ್ತು ಇರುತ್ತದೆ. ಅದನ್ನು ಕಳೆಯಲು ನಾವು ಮೂವರು ಹೆಂಗಸರು ಒಂದು ಚಟ ಹಚ್ಚಿಕೊಂಡಿದ್ದೆವು. ಬಾಜೂ ಮನೆಯ ಶೋಭಾ ವಹಿನಿ (ಅತ್ತಿಗೆಗೆ ಮರಾಠಿಯಲ್ಲಿ ಹಾಗೆನ್ನುತ್ತಾರೆ), ಮೇಲಿನ ಮಹಡಿಯ ರೇಣುಕಾ, ಮತ್ತು ನಾನು. ನಮ್ಮ ಮನೆಯ ಟಿವಿ ದೊಡ್ಡದು, ಆದ್ದರಿಂದ ಸಭೆ ನಮ್ಮಲ್ಲೇ. ಬಾಗಿಲು ತೆರೆದೇ ಇರುತ್ತಿತ್ತು. ನಡುವೆ ಒಂದು ತಾಟಿನಲ್ಲಿ ಬಿಸಿ ಬಿಸಿ ಹುರಿದ ಶೇಂಗಾ, ಪಕ್ಕದಲ್ಲಿ ಬೆಲ್ಲದ ತುಣುಕು. ಎದುರಿಗೆ, ಖರೇ ಖರೇ ನಡೆದ ಕೊಲೆಗಳ ಸರಣಿ.

ಯಾವುದೋ ಚಳಿ ದೇಶದ, ಯಾವುದೋ ಕಾಲೇಜಿನ ಊರು. ಒಂದೇ ಬಾಡಿಗೆ ಮನೆಯಲ್ಲಿದ್ದ ವಿದ್ಯಾರ್ಥಿನಿಯರನ್ನು ಯಾರೋ ಕೊಂದಿದ್ದರು. ಪೊಲೀಸರು, ವಕೀಲರು, ಗೆಳತಿಯರು, ತಾಯಂದಿರು ಒಬ್ಬೊಬ್ಬರಾಗಿ ಕುರ್ಚಿಯ ಮೇಲೆ ಕುಳಿತು ಹೇಳುತ್ತಿದ್ದರು. ನಾವು ಶೇಂಗಾದ ಸಿಪ್ಪೆ ಉಜ್ಜಿ, ಊದಿ, ಬಾಯಿಗೆ ಹಾಕಿಕೊಂಡು ಕೇಳುತ್ತಿದ್ದೆವು. ಕೇಳುತ್ತಿದ್ದೆವು ಎಂದರೆ ಸುಳ್ಳಾಯಿತು, ತೀರ್ಪು ಕೊಡುತ್ತಿದ್ದೆವು.

"ಅಗಬಾಯಿ, ಯಾರಂತ ಕೇಳದ ಬಾಗಲಾ ಹೆಂಗ ತಗೀತಾಳ್ರಿ ಈಕಿ?" ಎಂದು ಶೋಭಾ ವಹಿನಿ ಸತ್ತ ಹುಡುಗಿಯನ್ನೇ ಬೈಯುತ್ತಿದ್ದರು.

ರೇಣುಕಾಳ ತಕರಾರು ಬೇರೆ. "ಭಾಳ ಎಳದಾರ್ರಿ. ನಾಕು ಭಾಗದಾಗ ಮುಗಸಬಹುದಿತ್ತು. ಕೊಂದಾವನ್ನಂತೂ ನೆಟ್ಟಗ ತೋರಸೇ ಇಲ್ಲ."

ಇನ್ನು ನಾನು. ನನಗೆ ಸಣ್ಣ ಸಣ್ಣ ಸಂಗತಿಗಳು ಕಣ್ಣಿಗೆ ಬೀಳುತ್ತವೆ, ಅದು ಹುಟ್ಟುಗುಣ. ಯಾರ ಸೆರಗಿನ ಪಿನ್ನು ತುಕ್ಕು ಹಿಡಿದಿದೆ, ಯಾರ ಮನೆಯ ಪರದೆ ಒಂದು ಬದಿ ಗಿಡ್ಡವಾಗಿದೆ, ಎಲ್ಲ ತಿಳಿಯುತ್ತದೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಹಾಗೆ ದಿಟ್ಟಿಸಿ ನೋಡುವುದು ಸಭ್ಯತೆಯಲ್ಲ ಎಂದು ಕಲಿಸಿದ್ದರು. ನಾನು ಕಲಿತದ್ದು ಮಾತ್ರ ದಿಟ್ಟಿಸುತ್ತಿರುವುದು ಗೊತ್ತಾಗದ ಹಾಗೆ ದಿಟ್ಟಿಸುವುದನ್ನು. ಟಿವಿಯ ಮುಂದೆ ಆ ಕಷ್ಟವೂ ಇಲ್ಲ ನೋಡಿ. ಟಿವಿಯಲ್ಲಿದ್ದವರು ತಿರುಗಿ ನೋಡುವುದಿಲ್ಲ.

ಒಂದು ದಿನ ಒಬ್ಬ ತಾಯಿ ಬಂದು ಕುರ್ಚಿಯ ಮೇಲೆ ಕುಳಿತಳು. ನೀಲಿ ಸ್ವೆಟರು, ತಿದ್ದಿದ ಕೂದಲು. ಮಗಳು ಕೊನೆಯ ಸಲ ಫೋನ್ ಮಾಡಿದ್ದನ್ನು ಹೇಳುತ್ತಿದ್ದಳು. ನಾನು ಶೇಂಗಾ ಅಗಿಯುವುದನ್ನು ನಿಲ್ಲಿಸಿ ಮುಂದಕ್ಕೆ ಬಾಗಿದೆ.

"ಕಿವ್ಯಾಗಿನ ಓಲಿ ನೋಡ್ರಿ, ಸ್ವೆಟರಿಗೆ ಮ್ಯಾಚಿಂಗ್! ಮಗಳು ಸತ್ತಾಳಂತ ಹೇಳಾಕತ್ತಾಳ, ಕಣ್ಣಾಗ ಒಂದ ಹನಿ ಇಲ್ಲ. ಈಕಿಗೆ ಏನೋ ಗೊತ್ತದ, ಬರದಿಟ್ಕೋರಿ."

"ನಮ್ಮ ಡಿಟೆಕ್ಟಿವ್ ಬಾಯಾರು ಹಿಡದ್ರು ನೋಡ!" ಎಂದು ಶೋಭಾ ವಹಿನಿ ಚಪ್ಪಾಳೆ ತಟ್ಟಿದರು. ನನಗೆ ಎಷ್ಟು ಹಿಗ್ಗಾಯಿತೆಂದರೆ, ಆ ದಿನ ಎಲ್ಲರಿಗೂ ಎರಡನೆಯ ಸಲ ಚಹಾ ಮಾಡಿದೆ. ಕೊನೆಯ ಭಾಗದಲ್ಲಿ ಆ ತಾಯಿಗೆ ಏನೂ ಗೊತ್ತಿರಲಿಲ್ಲ ಎಂದು ತಿಳಿದಾಗ ನಮಗೆ ಆದದ್ದು ಸಮಾಧಾನವಲ್ಲ, ನಿರಾಸೆ. "ಎಂಡಿಂಗ್ ಸರಿ ಇಲ್ಲ" ಎಂದು ಮೂವರೂ ಒಪ್ಪಿ ಏಳುವಾಗ ಜಮಖಾನೆಯ ಮೇಲೆಲ್ಲ ಸಿಪ್ಪೆ.

ಈಗ ಪದ್ಮಕ್ಕನ ವಿಷಯ ಹೇಳಬೇಕು. ಇಷ್ಟು ಹೊತ್ತು ಅದನ್ನು ಮುಂದೆ ತಳ್ಳುತ್ತಲೇ ಬಂದಿದ್ದೇನೆ, ನಿಮಗೂ ಗೊತ್ತಾಗಿರಬಹುದು. ಪದ್ಮಕ್ಕ ನಮ್ಮ ಯಜಮಾನರ ದೊಡ್ಡಪ್ಪನ ಮಗಳು. ಖಾನಾಪುರದಲ್ಲಿ ಮನೆ, ಅಲ್ಲಿಯೇ ಹೈಸ್ಕೂಲಿನಲ್ಲಿ ಹಿಂದಿ ಕಲಿಸಿ ನಿವೃತ್ತರಾದವರು. ಅವರ ಒಬ್ಬಳೇ ಮಗಳು ಅಪೂರ್ವಾ ಓದಲು ಪರ ಊರಿಗೆ ಹೋಗಿದ್ದಳು. ನಮ್ಮ ಈ ಸಭೆಗೂ ಕೆಲವು ವರ್ಷ ಮೊದಲು, ಅಲ್ಲಿ ಅವಳನ್ನೂ ಅವಳ ಕೋಣೆಯ ಗೆಳತಿಯನ್ನೂ ಕೊಂದರು. ಕೊಂದವನು ಸಿಕ್ಕ, ಶಿಕ್ಷೆಯೂ ಆಯಿತು. ಅದಕ್ಕಿಂತ ಹೆಚ್ಚು ನಾನು ಬರೆಯುವುದಿಲ್ಲ.

ಹಾಗಾದರೆ ಆ ಸರಣಿ ನೋಡುವಾಗ ಅಪೂರ್ವಾ ನೆನಪಾಗಲಿಲ್ಲವೇ? ನೀವು ಕೇಳುವುದು ಸರಿ. ಆಗುತ್ತಿದ್ದಳು. ಆದರೆ ಹಾಲು ಉಕ್ಕುವಾಗ ಒಲೆ ಸಣ್ಣ ಮಾಡುತ್ತೇವಲ್ಲ, ಹಾಗೆ ಸಣ್ಣ ಮಾಡಿಬಿಡುತ್ತಿದ್ದೆ. ಅದು ನಮ್ಮ ಮನೆಯ ದುಃಖ, ಇದು ಸೀರಿಯಲ್ಲು. ಎರಡೂ ಬೇರೆ ಬೇರೆ ಡಬ್ಬಿ. ಒಂದರ ಮುಚ್ಚಳ ಇನ್ನೊಂದಕ್ಕೆ ಹೊಂದುವುದಿಲ್ಲ ಎಂದು ನಂಬಿಕೊಂಡಿದ್ದೆ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಪದ್ಮಕ್ಕ ಖಾನಾಪುರದ ಬಸ್ಸಿಳಿದು ನೇರ ನಮ್ಮ ಮನೆಗೆ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ನನ್ನ ಕಣ್ಣು ಸುಮ್ಮನಿರುತ್ತದೆಯೇ? ಹೊಳೆಯುವ ಪಟ್ಟಿಯ, ಕಾಲೇಜು ಹುಡುಗಿಯರು ಹಾಕುವಂಥ ಚಪ್ಪಲಿ. ಹಿಮ್ಮಡಿಯ ಹಿಂದೆ ಇನ್ನೂ ಒಂದು ಬೆರಳು ಜಾಗ ಉಳಿಯುವಷ್ಟು ದೊಡ್ಡದು. ಈ ವಯಸ್ಸಿನಲ್ಲಿ ಇದೇನು ಷೋಕಿ ಎಂದುಕೊಂಡೆ.

"ಬರ್ರಿ ಅಕ್ಕಾ, ಕುಂದರ್ರಿ" ಎಂದೆ.

ನೀರು ಕುಡಿದು ಅವರು ನೇರ ವಿಷಯಕ್ಕೇ ಬಂದರು. ಮುಂಬಯಿಯಿಂದ ಯಾರೋ ಫೋನ್ ಮಾಡಿದ್ದಾರೆ. ಹೀಗೆ ಸತ್ತ ವಿದ್ಯಾರ್ಥಿಗಳ ಬಗ್ಗೆ ಸರಣಿ ಮಾಡುತ್ತಾರಂತೆ. ತಾಯಿ ಮಾತಾಡಬೇಕಂತೆ.

"ನೀ ಇಂಥಾವೆಲ್ಲಾ ನೋಡ್ತಿ ಅಂತ ನಿನ್ನ ಗಂಡ ಹೇಳಿದ. ಅದಕ್ಕ ಬಂದೆ. ನೋಡಾವರು ಏನಂತಾರವಾ?"

"ಏನಂತಾರ ಅಕ್ಕಾ... ಅಯ್ಯೋ ಪಾಪ ಅಂತಾರ."

"ಅಷ್ಟ?"

"ಮತ್ತ... ಯಾರಿಗೂ ಹಿಂಗಾಗಬಾರದು ಅಂತಾರ."

ಪದ್ಮಕ್ಕ ನನ್ನನ್ನೇ ನೋಡಿದರು. "ಮೂವತ್ತು ವರ್ಷ ಸಾಲ್ಯಾಗ ಹುಡುಗರ ಸುಳ್ಳು ಕೇಳೀನಿ. ನೀ ಅವರಷ್ಟೂ ಛಲೋ ಹೇಳಂಗಿಲ್ಲ. ಅತ್ರ ಏನಂತಾರ? ಅಳದಿದ್ರ ಏನಂತಾರ? ಅದನ್ನ ಹೇಳು."

ನಾನು ಖಾಲಿ ಲೋಟ ಎತ್ತಿಕೊಂಡು ಎದ್ದೆ. ಅವರು ಟಿವಿಯ ಕಡೆ ಕೈ ಮಾಡಿದರು. "ಹಚ್ಚು. ನೀ ನೋಡಿದ್ದ ಒಂದು ಹಚ್ಚು, ನಾನೂ ನೋಡ್ತೀನಿ."

ಬೇರೆ ಯಾವುದನ್ನಾದರೂ ಹಚ್ಚಬಹುದಿತ್ತು. ಆದರೆ ನಮ್ಮ ಟಿವಿ ನಾವು ಯಾವುದನ್ನು ನೋಡುತ್ತೇವೆಂದು ಚೆನ್ನಾಗಿ ಬಲ್ಲದು. ಅದೇ ಸರಣಿಯನ್ನು ಮೊದಲು ಮುಂದಿಟ್ಟಿತು. ಪದ್ಮಕ್ಕ ಸೋಫಾ ಬಿಟ್ಟು ನೆಲದ ಮೇಲೆ ಕುಳಿತು ನೋಡತೊಡಗಿದರು. ಆ ನೀಲಿ ಸ್ವೆಟರಿನ ತಾಯಿ ಬಂದಳು. ಪದ್ಮಕ್ಕ ಮುಂದಕ್ಕೆ ಸರಿದು, "ಈಕಿ ಬಾಜೂಕ ಯಾರೂ ಇಲ್ಲಲ್ಲವಾ? ಒಬ್ಬಾಕಿನ ಕುಂಡ್ರಿಸ್ಯಾರ" ಎಂದರು.

ನಮ್ಮ ಕಡೆ ಸತ್ತವರ ಮನೆಗೆ ಮಾತಾಡಿಸಲು ಹೋಗುತ್ತಾರೆ. ಹೆಸರು ಮಾತಾಡಿಸುವುದು ಎಂದಾದರೂ ಅಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ. ದುಃಖದಲ್ಲಿದ್ದವಳ ಎದುರಿಗೆ ಕೂಡುವುದಿಲ್ಲ, ಪಕ್ಕದಲ್ಲಿ ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂಡುತ್ತಾರೆ. ಎದುರಿಗೆ ಕೂತರೆ ಅವಳು ನಮಗೆ ಮುಖ ತೋರಿಸಬೇಕಾಗುತ್ತದೆ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಅಪೂರ್ವಾ ಹೋದಾಗ ನಾನೂ ಹಾಗೆಯೇ ಪದ್ಮಕ್ಕನ ಪಕ್ಕದಲ್ಲಿ ಕುಳಿತು ಬಂದಿದ್ದೆ.

ಇದನ್ನೆಲ್ಲ ನೆನೆಯುತ್ತಿರುವಾಗಲೇ ಶೋಭಾ ವಹಿನಿ ತೆರೆದ ಬಾಗಿಲಿನಿಂದ ಒಳಗೆ ಬಂದರು. ಪದ್ಮಕ್ಕ ಯಾರೆಂದು ಅವರಿಗೆ ಗೊತ್ತಿಲ್ಲ. ಟಿವಿ ನೋಡಿ ಮುಖ ಅರಳಿತು.

"ಮತ್ತ ಅದನ್ನ ಹಚ್ಚೀರಿ? ಹೊಸಬರಿಗೆ ತೋರಸಾಕತ್ತೀರೇನು? ನೋಡ್ರಿ ಬಾಯಾರ, ಆ ಓಲಿ ನೋಡ್ರಿ! ನಮ್ಮ ಡಿಟೆಕ್ಟಿವ್ ಬಾಯಾರ ಕಣ್ಣಿಗೇ ಮೊದಲ ಬಿದ್ದದ್ದು. ಮಗಳು ಸತ್ರೂ ಮ್ಯಾಚಿಂಗ್ ತಪ್ಪಿಲ್ಲ, ಈಕೀದ ಏನೋ ಅದ ಅಂದಿದ್ರು. ನಮಗಂತೂ ನಕ್ಕೂ ನಕ್ಕೂ ಸಾಕಾಗಿತ್ತು."

ನಾನು ಕಣ್ಣಿನಿಂದ ಸನ್ನೆ ಮಾಡಿದೆ, ಕೈ ಹಿಡಿದೆ. ಉಪಯೋಗವಾಗಲಿಲ್ಲ. ಪದ್ಮಕ್ಕ ಟಿವಿಯಿಂದ ಕಣ್ಣು ತೆಗೆಯದೆ, ತರಗತಿಯಲ್ಲಿ ತಪ್ಪು ಉತ್ತರ ತಿದ್ದುವವರ ಹಾಗೆ ಸಾವಕಾಶವಾಗಿ ಹೇಳಿದರು:

"ಆ ಓಲಿ ಮಗಳವು ಇರಬೇಕ್ರಿ. ನಾ ಸುದ್ದಾ ನಮ್ಮ ಅಪೂರ್ವಾನ ಚಪ್ಪಲಿ ಹಾಕ್ಕೊಂಡ ಬಂದೀನಿ. ಆಕೀದು ದೊಡ್ಡ ಕಾಲು, ನನಗ ಸಡಲ ಆಗ್ತಾವ. ಬಿಡಾಕ ಮನಸಾಗಂಗಿಲ್ಲ."

ಶೋಭಾ ವಹಿನಿಗೆ ಎಲ್ಲ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ "ದೇವಾ" ಎಂದು ಬಾಯಿಗೆ ಸೆರಗು ಹಿಡಿದು ಹೊರಟುಹೋದರು. ನನಗೆ ಹೋಗಲು ಜಾಗವಿರಲಿಲ್ಲ, ಅದು ನನ್ನದೇ ಮನೆ. ಸಿಸ್ಟರ್‌ಗಳು ಹೊಡೆದಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ. ಕ್ಷಮೆ ಕೇಳಬೇಕೆಂದು ಬಾಯಿ ತೆರೆದರೆ ಪದ್ಮಕ್ಕ ತಡೆದರು.

"ಇರಲಿ ಬಿಡು. ಏನಂತಾರ ಅಂತ ಕೇಳಾಕ ಬಂದಿದ್ದೆ, ಗೊತ್ತಾತು." ನೆಲದಿಂದ ಏಳುತ್ತಾ, "ಅನ್ನಲಿ. ಮಾತಾಡ್ತೀನಿ. ಪೇಪರನ್ಯಾಗ ಆಕಿ ಹೆಂಗ ಸತ್ಳು ಅಂತ ಅಷ್ಟ ಬರದಾರ. ಆಕಿ ಹೆಂಗಿದ್ಳು ಅಂತ ಯಾರರೆ ಹೇಳಬೇಕಲ್ಲ? ಅವರು ಬರೋ ದಿವಸ ನೀ ಬಾ. ನನ್ನ ಬಾಜೂಕ ಕುಂಡ್ರು" ಎಂದರು.

ಹೋದೆ. ಅವತ್ತು ಬೆಳಿಗ್ಗೆ ಯಾವ ಸೀರೆ ಉಡಬೇಕೆಂದು ಕಪಾಟಿನ ಮುಂದೆ ಎಷ್ಟು ಹೊತ್ತು ನಿಂತಿದ್ದೆ ಎಂದು ಮಾತ್ರ ಕೇಳಬೇಡಿ. ತೀರ ಸಾದಾ ಆದರೆ ನಾಟಕ, ಜರಿ ಇದ್ದರೆ ಮೆರವಣಿಗೆ. ಕೊನೆಗೆ ಬೂದು ಬಣ್ಣದ್ದನ್ನು ಉಟ್ಟೆ, ಓಲೆ ಬಿಚ್ಚಿಟ್ಟೆ.

ಖಾನಾಪುರದ ಆ ಹಂಚಿನ ಮನೆಯ ಪಡಸಾಲೆಯಲ್ಲಿ ಮುಂಬಯಿಯವರು ಸಾಮಾನೆಲ್ಲ ಅತ್ತಿತ್ತ ಸರಿಸಿ, ಕಿಟಕಿಗೆ ಕಪ್ಪು ಬಟ್ಟೆ ಹಾಕಿ, ಒಂದು ಕುರ್ಚಿ ಇಟ್ಟಿದ್ದರು. ಪದ್ಮಕ್ಕ ಎರಡನೆಯ ಕುರ್ಚಿ ತರಿಸಿದರು. ಕ್ಯಾಮೆರಾದ ಪಕ್ಕದಲ್ಲಿದ್ದ ಹುಡುಗಿ, ಸಭ್ಯಳೇ ಪಾಪ, ಹಿಂದಿಯಲ್ಲಿ ನನಗೆ ಸ್ವಲ್ಪ ಸರಿಯಿರಿ ಎಂದಳು. ಪದ್ಮಕ್ಕ ತಮ್ಮ ಶುದ್ಧ ಶಾಲೆಯ ಹಿಂದಿಯಲ್ಲಿ, ಇವಳು ಇಲ್ಲೇ ಇರುತ್ತಾಳೆ, ಇಲ್ಲವಾದರೆ ನಾನೂ ಇರುವುದಿಲ್ಲ ಎಂದರು. ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತೆ.

ಅಳಲಿಲ್ಲ ಅವರು. ಅಪೂರ್ವಾ ಸ್ಕೂಟಿ ಕಲಿತ ಕಥೆಯನ್ನು ಹೇಳತೊಡಗಿದರು. ಬಾಜೂ ಮನೆಯ ಆಜಿ ಅಂಗಳದಲ್ಲಿ ಹಳೆಯ ಸೀರೆ ಹಾಸಿ ಸಂಡಿಗೆ ಇಟ್ಟಿದ್ದರಂತೆ. ಈ ಹುಡುಗಿಗೆ ಬ್ರೇಕು ಎಲ್ಲಿದೆ ಎಂಬುದೇ ಮರೆತು, ಸಂಡಿಗೆಯ ಮೇಲೆಯೇ ಗಾಡಿ ಹೊಡೆದಳಂತೆ. ಹೇಳುತ್ತಾ ಹೇಳುತ್ತಾ ಪದ್ಮಕ್ಕನಿಗೆ ನಗು ಬಂತು. ಭುಜ ಕುಣಿಯಿತು, ಕಣ್ಣು ಸಣ್ಣದಾಯಿತು. ಎಷ್ಟೋ ವರ್ಷಗಳ ಮೇಲೆ ನಾನು ಕಂಡ ನಗು.

ಆಗ ನಾನು ಅವರ ಮೊಣಕಾಲನ್ನು ಒತ್ತಿದೆ.

ಯೋಚಿಸಿ ಮಾಡಿದ್ದಲ್ಲ. ನಗಬೇಡಿ ಅಕ್ಕಾ, ನೋಡಾವರು ಏನಂದಾರು ಎಂದು ನನ್ನ ಕೈ ತಾನಾಗಿಯೇ ಹೇಳಿತು. ಪದ್ಮಕ್ಕ ತಟ್ಟನೆ ನಿಲ್ಲಿಸಿದರು. ನನ್ನ ಕಡೆ ನೋಡಲಿಲ್ಲ. ಸೆರಗು ಸರಿಮಾಡಿಕೊಂಡು, ಬಹಳ ಒಳ್ಳೆಯ ಹುಡುಗಿ ಇದ್ದಳು ಎಂದರು. ಕ್ಯಾಮೆರಾದ ಪಕ್ಕದ ಹುಡುಗಿ, ಆಮೇಲೇನಾಯಿತು ಆಂಟಿ ಎಂದು ಕೇಳಿದಳು. ಪದ್ಮಕ್ಕ, ಏನೂ ಇಲ್ಲ ಎಂದರು. ಪಕ್ಕದಲ್ಲಿ ಕುಳಿತೂ ನಾನು ಎದುರಿನಿಂದಲೇ ನೋಡುತ್ತಿದ್ದೆ.

ಆ ಸರಣಿ ಇನ್ನೂ ಬಂದಿಲ್ಲ. ನಮ್ಮ ಮಧ್ಯಾಹ್ನದ ಸಭೆ ತಾನಾಗಿಯೇ ನಿಂತುಹೋಯಿತು. ಶೋಭಾ ವಹಿನಿ ಈಗಲೂ ಮೆಟ್ಟಿಲ ಮೇಲೆ ಸಿಕ್ಕರೆ "ಅವರು ಹೆಂಗದಾರ್ರಿ?" ಎಂದು ಪದ್ಮಕ್ಕನ ಬಗ್ಗೆ ಕೇಳುತ್ತಾರೆ. ಆರಾಮ ಅದಾರ ಎನ್ನುತ್ತೇನೆ. ಖಾನಾಪುರಕ್ಕೆ ಮತ್ತೆ ಹೋಗಿದ್ದೇನೆ, ಪದ್ಮಕ್ಕ ಊಟಕ್ಕೆ ಹಾಕಿದ್ದಾರೆ, ಮಾವಿನಕಾಯಿ ಕೊಟ್ಟು ಕಳಿಸಿದ್ದಾರೆ. ಆ ಮೊಣಕಾಲು ಒತ್ತಿದ್ದರ ಮಾತು ನಾವಿಬ್ಬರೂ ಎತ್ತಿಲ್ಲ.

ಇವತ್ತು ಒಲೆ ಆರಿಸಿ, ಕೈ ಒರೆಸಿಕೊಂಡು, ಅವರಿಗೆ ಫೋನ್ ಹಚ್ಚಿದೆ. ಮಳೆ, ಬಸ್ಸು, ಮೊಣಕಾಲು ನೋವು ಎಲ್ಲ ಮುಗಿದ ಮೇಲೆ ಕೇಳಿದೆ.

"ಅಕ್ಕಾ, ಅವತ್ತು ಸಂಡಿಗೀದು ಹೇಳಾಕತ್ತಿದ್ರಿ. ಅರ್ಧಕ್ಕ ನಿಂತಿತು. ಮುಂದ ಏನಾತು?"

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು.

"ಯಾಕವಾ," ಎಂದರು ಪದ್ಮಕ್ಕ, "ಈಗ ನಕ್ರ ನಡೀತದೇನು?"

ನಾನು ಅಲ್ಲೇ ಅಡಿಗೆಮನೆಯ ನೆಲದ ಮೇಲೆ ಕುಳಿತೆ. "ನಡೀತದ ಅಕ್ಕಾ" ಎಂದೆ.

ಅವರು ಹೇಳಿದರು. ಆಜಿ ಬಡಿಗೆ ಹಿಡಿದುಕೊಂಡು ಮರಾಠಿಯಲ್ಲಿ ಬೈಯುತ್ತಾ ಓಡಿ ಬಂದರಂತೆ. ಅಪೂರ್ವಾ ಗಾಲಿಯ ಗುರುತು ಮೂಡಿದ ಒಂದು ಹಸಿ ಸಂಡಿಗೆಯನ್ನು ಅಂಗೈಯಲ್ಲಿ ಎತ್ತಿ ಹಿಡಿದು, "ಸಿಟ್ಟ್ಯಾಕ ಆಜೀ, ಪುಕಟ ಡಿಸೈನ್ ಬಿದ್ದದ ನೋಡ್ರಿ" ಎಂದಳಂತೆ. ಬಡಿಗೆ ಅಲ್ಲೇ ಬಿಟ್ಟು ಆಜಿಯೂ ನಕ್ಕರಂತೆ. ಆ ವರ್ಷ ಕರಿದ ಸಂಡಿಗೆಯಲ್ಲೆಲ್ಲ ಗಾಲಿಯ ಗೆರೆ.

ಗೆರೆ ಎನ್ನುವಷ್ಟರಲ್ಲಿ ಪದ್ಮಕ್ಕನಿಗೆ ಮಾತು ಹೊರಡದಾಯಿತು. ಫೋನಿನಲ್ಲಿ ಬಿಟ್ಟು ಬಿಟ್ಟು ಉಸಿರು ಕೇಳುತ್ತಿತ್ತು. ನಗುತ್ತಿದ್ದರೋ ಅಳುತ್ತಿದ್ದರೋ, ತಿಳಿಯಲಿಲ್ಲ. ತಿಳಿದುಕೊಳ್ಳಲು ನಾನೂ ಹೋಗಲಿಲ್ಲ. ಅದು ನಿಲ್ಲುವವರೆಗೂ ಫೋನನ್ನು ಕಿವಿಗೆ ಹಿಡಿದುಕೊಂಡು ಕುಳಿತಿದ್ದೆ.