ಫೈಲ್ ಹಿಡಿದು ಬಂದವಳು

ನನ್ನನ್ನು ಕಂಡದ್ದೇ ತಡ, ಆ ಹುಡುಗಿ ಒಳಗೆ ಓಡಿ ಕೋಣೆಯ ಚಿಲಕ ಹಾಕಿಕೊಂಡಳು.

ಮಕ್ಕಳು ಹೆದರಿ ಓಡುವಂಥ ಮುಖ ನನ್ನದಲ್ಲ. (ನನ್ನ ಕಾಲೇಜಿನ ಹುಡುಗರನ್ನು ಮಾತ್ರ ಕೇಳಬೇಡಿ.) ಆದರೂ ಓಡಿದಳು. ನನ್ನ ಸಂಶಯ ಇನ್ನೊಂದು ಗೇಣು ಬೆಳೆಯಿತು.

ಇದು ಅಥಣಿ ಕಡೆಯ ಅನಂತಪುರದ ಹತ್ತಿರ, ನನ್ನ ಶಾಲೆಯ ಗೆಳತಿ ಸುವರ್ಣಾಳ ತೋಟದ ಮನೆಯಲ್ಲಿ ನಡೆದದ್ದು. ಗಂಡ-ಹೆಂಡತಿ, ದ್ರಾಕ್ಷಿ ತೋಟ. ಮಗಳು ಮದುವೆಯಾಗಿ ಮಿರಜಿನಲ್ಲಿದ್ದಾಳೆ. ಎರಡು ವರ್ಷದ ಹಿಂದೆ ಇವರು ಪ್ರೀತಿ ಎಂಬ ಎಂಟು ವರ್ಷದ ಹುಡುಗಿಯನ್ನು ಮನೆಗೆ ಕರೆತಂದರು. ದತ್ತು ಅಲ್ಲ, ಫಾಸ್ಟರ್ ಕೇರ್. ಅಂದರೆ ಮಕ್ಕಳ ಕಲ್ಯಾಣದ ಸರ್ಕಾರಿ ಆಫೀಸಿನವರು ಇಷ್ಟು ಅವಧಿಗೆ ಅಂತ ಮಗುವನ್ನು ಸಾಕಲು ಕೊಡುವುದು. ಅವಧಿ ಮುಗಿದ ಮೇಲೆ ಮುಂದುವರಿಸಬಹುದು, ವಾಪಸ್ ಕರೆದೊಯ್ಯಲೂಬಹುದು. ಪ್ರೀತಿಗೆ ತಂದೆ ಇಲ್ಲ. ತಾಯಿ ಮನಸ್ಸಿನ ಕಾಯಿಲೆಯಿಂದ ಆಸ್ಪತ್ರೆಯಲ್ಲಿದ್ದಾಳೆ.

ಮೊನ್ನೆ ಅಥಣಿಯಲ್ಲಿ ಮದುವೆಯೊಂದರ ಊಟಕ್ಕೆ ಕೂತಾಗ ಪಕ್ಕದಾಕೆ ಕಿವಿಯಲ್ಲಿ ಉಸುರಿದಳು: "ಆ ಹುಡುಗಿನ್ನ ಸಾಲಿ ಬಿಡಿಸ್ಯಾರಂತ್ರಿ. ಒಣದ್ರಾಕ್ಷಿ ಆರಿಸಾಕ ಹಚ್ಚ್ಯಾರಂತ."

ನಂಬಿಬಿಟ್ಟೆ. ಯಾಕೆ ನಂಬಬಾರದು? ದ್ರಾಕ್ಷಿ ಒಣಗಿಸುವ ಸೀಸನ್. ಆಳು ಸಿಗದ ಕಾಲ. ಪರರ ಮಗುವನ್ನು ಯಾರಾದರೂ ಸುಮ್ಮನೆ ಸಾಕುತ್ತಾರೆಯೇ?

ಮರುದಿನ ಅರ್ಧ ದಿನ ರಜೆ ಹಾಕಿ, ಕೈಯಲ್ಲಿದ್ದ ಫೈಲ್ ಸಮೇತ ಸೀದಾ ಹೋದೆ. ಬೆಳಿಗ್ಗೆ ಹನ್ನೊಂದು ಗಂಟೆ. ಶಾಲೆಯಲ್ಲಿರಬೇಕಾದ ಹುಡುಗಿ ಅಂಗಳದಲ್ಲಿದ್ದಳು. ಆಮೇಲೆ ನಡೆದದ್ದೇ ಆ ಓಟ.

"ಸಾಲಿಗೆ ಹೋಗಿಲ್ಲೇನು?" ಎಂದೆ.

"ವಾರ ಆತು, ಹೋಗಾಕ ಒಲ್ಲೆ ಅಂತಾಳ," ಎಂದಳು ಸುವರ್ಣಾ.

ಉತ್ತರ ತೀರಾ ರೆಡಿಯಾಗಿತ್ತು. ಹುಡುಗಿಯ ನೋಟ್‌ಬುಕ್ ಕೇಳಿದೆ. ತಂದುಕೊಟ್ಟಳು. ಹಿಂದಿನ ವಾರದವರೆಗೂ ಪಾಠ ಬರೆದದ್ದಿತ್ತು. ಅಷ್ಟಕ್ಕೆ ಬಿಡುವವಳೇ ನಾನು? ಶೆಡ್ ನೋಡುತ್ತೇನೆ ಅಂತ ಹೋಗಿ, ದ್ರಾಕ್ಷಿ ಆರಿಸುತ್ತಿದ್ದ ಹೆಂಗಸೊಬ್ಬಳನ್ನು ವಿಚಾರಿಸಿದೆ.

"ಪ್ರೀತಿನ್ರಿ? ಅಕಿ ಬರೂದು ತಿನ್ನಾಕ ಅಷ್ಟ ರೀ, ಅಕ್ಕಾರ," ಎಂದು ನಕ್ಕಳು.

ಬೆನ್ನ ಹಿಂದೆ ಸುವರ್ಣಾ ನಿಂತಿದ್ದಳು. "ನೀ ನನ್ನ ತಪಾಸ ಮಾಡಾಕ ಬಂದೀ ಏನ?"

ನಾನು ಒಂದು ಒಣದ್ರಾಕ್ಷಿ ಎತ್ತಿ ಬಾಯಿಗೆ ಹಾಕಿಕೊಂಡೆ.

ಅವಳು ಜಗಳ ತೆಗೆಯಲಿಲ್ಲ. ಕಟ್ಟೆಯ ಮೇಲೆ ಕೂತು ಹೇಳಿದಳು: "ಇದು ಅಕಿಗೆ ಮೂರನೇ ಮನಿ. ಹಿಂದಿನ ಮನಿ ಬಿಡಿಸುಮುಂದ ಆಫೀಸಿನವ್ರು ಫೈಲ್ ಹಿಡ್ಕೊಂಡು ಸೀದಾ ಸಾಲಿಗೇ ಬಂದಿದ್ರಂತ. ಅಕಿ ಮನಿಗೆ ಹೋಗಿ ಹೇಳಿ ಬರ್ತೇನಿ ಅಂದ್ರೂ ಬಿಡಲಿಲ್ಲಂತ. ಈ ತಿಂಗಳ ನಮ್ಮ ಅವಧಿ ಮುಗಿತೈತಿ ಅಂತ ನಾವು ಮಾತಾಡೂದು ಕೇಳ್ಯಾಳ. ಅವತ್ತಿಂದ ಸಾಲಿ ಬಂದ್."

ನಾನು ಕೈಯಲ್ಲಿದ್ದ ಫೈಲ್ ನೋಡಿಕೊಂಡೆ.

ಕೋಣೆಯ ಬಾಗಿಲ ಮುಂದೆ ನೆಲದ ಮೇಲೆ ಕೂತೆ. "ಪ್ರೀತಿ, ನಾನು ಆಫೀಸಿನಾಕಿ ಅಲ್ಲವ್ವಾ. ಕಾಲೇಜಿನ್ಯಾಗ ಕಲಿಸ್ತೇನಿ."

ಒಳಗಿಂದ ಪ್ರಶ್ನೆ ಬಂತು. "ಫೈಲ್‌ನ್ಯಾಗ ಏನೈತ್ರಿ?"

"ಪರೀಕ್ಷಾ ಪೇಪರ್."

"ತೋರಸ್ರಿ."

ಬಾಗಿಲ ಸಂದಿಯಿಂದ ಒಂದು ಉತ್ತರಪತ್ರಿಕೆ ತೂರಿಸಿದೆ. ಇನ್ನೊಂದು ಕೇಳಿದಳು. ಮತ್ತೊಂದು. ಫೈಲ್ ಖಾಲಿಯಾಗುವವರೆಗೂ ಬಿಡಲಿಲ್ಲ. (ನಿಯಮ ಮುರಿದೆ, ಪ್ರಿನ್ಸಿಪಾಲರು ಕ್ಷಮಿಸಲಿ.) ಎಲ್ಲವನ್ನೂ ನೋಡಿದ ಮೇಲೆಯೇ ಚಿಲಕ ತೆಗೆದಳು. ನನ್ನನ್ನು ದಾಟಿ ಹೋಗಿ ಸುವರ್ಣಾಳ ಸೆರಗು ಹಿಡಿದು ನಿಂತಳು.

ತಪಾಸಣೆ ಅಂದರೆ ಅದು. ನನ್ನದೇನು ಮಹಾ.

ನಾಚಿಕೆಯಾಯಿತು. ಒಳ್ಳೆಯವರ ಮೇಲೆ ನಮಗೆ ಎಷ್ಟು ಬೇಗ ಗುಮಾನಿ ಬರುತ್ತದೆ ನೋಡಿ. ಹಾಗಂತ ವಿಚಾರಿಸುವುದೇ ತಪ್ಪೇ? ಅಲ್ಲ. ಇಂಥ ಮಕ್ಕಳನ್ನು ದುಡಿಸುವವರೂ ಇರಬಹುದು. ಯಾರಾದರೂ ಹೋಗಿ ನೋಡಲೇಬೇಕು. ಆದರೆ ನಾನು ಪೂರಾ ಗುಮಾನಿಯನ್ನು ಸಾಕುವವರ ಮೇಲೆ ಸುರಿದೆ. ಒಂದು ಮಗುವಿಗೆ ಮೂರು ಮನೆ ತೋರಿಸಿದ ಕಾಗದಗಳ ಮೇಲೆ ಒಂದು ಹನಿಯೂ ಬೀಳಲಿಲ್ಲ.

ತಾಯಿ ಗುಣವಾಗಿ ಬಂದರೆ ಮಗು ಅವಳದೇ. ಅದನ್ನು ಸುವರ್ಣಾಳೂ ಒಪ್ಪುತ್ತಾಳೆ. "ಅವರವ್ವ ಬಂದ್ರ ನಾನ ಕೈ ಹಿಡ್ದು ಒಪ್ಪಸ್ತೇನಿ. ಅಲ್ಲೀತನಾ ಇಲ್ಲೇ ಇರ್ತಾಳ ಅಂತ ಯಾರರ ಒಬ್ರು ಹೇಳ್ಲಿ," ಎಂದಳು.

ಯಾರೂ ಹೇಳಲಿಲ್ಲ. ಮುಂದಿನ ವಾರ ಅವಧಿಯನ್ನು ಇನ್ನೊಂದು ವರ್ಷ ವಿಸ್ತರಿಸಿದರು. ಸುವರ್ಣಾ ಫೋನ್ ಮಾಡಿ ಸುದ್ದಿ ಹೇಳಿದಳು. ಪ್ರೀತಿ ಮರುದಿನವೇ ಶಾಲೆಗೆ ಹೋದಳಂತೆ. ಹೊರಡುವ ಮೊದಲು ಸುವರ್ಣಾಳಿಗೆ ಒಂದು ಪ್ರಶ್ನೆ ಹಾಕಿದಳಂತೆ: "ಕಾಕು, ಒಂದ್ ವರ್ಷ ಅಂದ್ರ ಮುಂದಿನ ಪರೀಕ್ಷೆ ಮುಗಿದ ಮ್ಯಾಲೋ, ಮೊದಲೋ?"

ಆಮೇಲೆ ಏನು ಅಂತ ಆಫೀಸಿನಲ್ಲಿ ಸುವರ್ಣಾ ಕೇಳಿದ್ದಕ್ಕೆ ಸಿಕ್ಕ ಉತ್ತರ: "ಮುಂದಿನ ವರ್ಷ ನೋಡೂಣ್ರಿ."

ಸೈಕಲ್ ಬೇಕು ಅನ್ನುವ ಮಗುವಿಗೆ ಹಾಗನ್ನಬಹುದು. ಮನೆ ಬೇಕು ಅನ್ನುವ ಮಗುವಿಗೆ?