ಗಂಜಿ ಹಾಕಿದ ಬಿಳಿ ಕೋಟು

ಗಂಜಿ ಹಾಕಿದ ಬಟ್ಟೆಗೆ ನೀರು ಚಿಮುಕಿಸಿ, ಕಾದ ಇಸ್ತ್ರಿಪೆಟ್ಟಿಗೆ ಇಟ್ಟಾಗ ಚುಂಯ್ ಎನ್ನುವ ಸದ್ದು... ಮೊನ್ನೆ ಪೊವೇಯ ಮಗಳ ಮನೆಯಲ್ಲಿ, ಅಳಿಯ ತನ್ನ ಕಾಟನ್ ಶರ್ಟ್ ಇಸ್ತ್ರಿ ಮಾಡುತ್ತಿದ್ದಾಗ ಅದೇ ಸದ್ದು ಕೇಳಿಸಿತು. ನಾವು ಅಮೆರಿಕಕ್ಕೆ ಬಂದ ಹೊಸತರಲ್ಲಿದ್ದ ಊರು, ಎಪ್ಪತ್ತರ ದಶಕದ ಕೊನೆಯ ಕ್ಯಾಲಿಫೋರ್ನಿಯಾದ ಪೊಮೊನಾ ಕಣ್ಣಮುಂದೆ ಬಂತು. ನಮ್ಮ ಪಕ್ಕದ ಅಪಾರ್ಟ್‌ಮೆಂಟಿನ ಟೀಚರ್ ಕೂಡ.

ಅವರು ಟೀಚರ್ ಎಂದು ನನಗೆ ಮೊದಲು ಗೊತ್ತಿರಲಿಲ್ಲ. ಪ್ರತಿ ಭಾನುವಾರ ಕಿಟಕಿಯ ಬಳಿ ನಿಂತು ಬಿಳಿ ಕೋಟೊಂದನ್ನು ಇಸ್ತ್ರಿ ಮಾಡುತ್ತಿದ್ದರು. ನಮ್ಮ ಕನ್ನಡದವರ ಗೆಟ್ ಟುಗೆದರ್‌ಗಳಲ್ಲಿ ಅರ್ಧಕ್ಕರ್ಧ ಡಾಕ್ಟರುಗಳೇ; ಬಿಳಿ ಕೋಟೆಂದರೆ ನನಗೆ ಬೇರೇನೂ ಹೊಳೆಯಲಿಲ್ಲ. ಮಗಳಿಗೆ ಜ್ವರ ಬಂದಾಗ ಎತ್ತಿಕೊಂಡು ಹೋಗಿ ಅವರ ಬಾಗಿಲು ತಟ್ಟಿದೆ. ಅವರು ಮಗುವಿನ ಹಣೆ ಮುಟ್ಟಿ ನೋಡಿ, ಮೆಲ್ಲಗೆ ಅಂದರು:

"ಸಾರಿ, ನಾನು ಡಾಕ್ಟರ್ ಅಲ್ಲ, ಟೀಚರ್. ನಮ್ಮ ಅರ್ಜೆಂಟೀನಾದಲ್ಲಿ ಟೀಚರೂ ಮಕ್ಕಳೂ ಬಿಳಿ ಕೋಟಲ್ಲೇ ಸ್ಕೂಲಿಗೆ ಬರೋದು. ಯಾರು ಬಡವರು ಅಂತ ಗೊತ್ತಾಗಬಾರದು, ಅಷ್ಟೆ."

ಸಂಜೆ ನಮ್ಮ ಯಜಮಾನರು ನಕ್ಕಿದ್ದೇ ನಕ್ಕಿದ್ದು. "ನಾಳೆ ಬಾರ್ಬರ್ ಹತ್ರ ಹೋಗಿ ಬಿಪಿ ತೋರಿಸ್ಕೊಂಡು ಬಾ. ಅವನದೂ ಬಿಳಿ ಕೋಟೇ."

ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಎದುರು ಪ್ರಶ್ನೆ ಕೇಳಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಈಕೆ ಮಕ್ಕಳಿಗೆ ಪ್ರಶ್ನೆ ಕೇಳುವುದನ್ನೇ ಕಲಿಸಿದವರು. ಮಕ್ಕಳು ಏನು ಕಲಿಯಬೇಕೆಂದು ಟೀಚರುಗಳನ್ನೂ ಕೇಳಿ ಎಂದು ಇವರ ಸಂಘ ಸ್ಟ್ರೈಕ್ ಮಾಡಿತ್ತಂತೆ. ಆಮೇಲೆ ಸೈನ್ಯದ ಆಡಳಿತ ಬಂತು. ಸಂಘ ಹೋಯಿತು, ಕೆಲಸವೂ ಹೋಯಿತು. ದೇಶ ಬಿಟ್ಟು ಇಲ್ಲಿಗೆ ಬಂದು ಒಂದು ಸ್ಕೂಲಿನ ಕೆಫೆಟೇರಿಯಾದಲ್ಲಿ ಊಟ ಬಡಿಸುತ್ತಿದ್ದರು.

ಒಂದು ಭಾನುವಾರ ಕೇಳಿದೆ. "ಈ ಕೋಟು ನಿಮಗೆ ದೊಡ್ಡದಲ್ವಾ?"

ಇಸ್ತ್ರಿಪೆಟ್ಟಿಗೆ ನಿಂತಿತು.

"ನನ್ನದಲ್ಲ, ನನ್ನ ಫ್ರೆಂಡ್‌ದು. ಊಟದ ಹೊತ್ತಲ್ಲಿ ಸೈನಿಕರು ಅವಳನ್ನ ಕರ್ಕೊಂಡು ಹೋದರು. ಇದು ಸ್ಟಾಫ್ ರೂಮಿನ ಮೊಳೆಯಲ್ಲೇ ಉಳೀತು. ಅವಳು ಬಂದಾಗ ನೀಟಾಗಿರ್ಲಿ ಅಂತ..."

ಅಂದಿನಿಂದ ನಮ್ಮ ಅನ್ನ ಬಸಿದ ಗಂಜಿ ಆ ಕೋಟಿಗೆ ಮೀಸಲು. ಈಗ ರೈಸ್ ಕುಕ್ಕರ್ ಬಂದು ಬಸಿಯುವುದೇ ನಿಂತುಹೋಗಿದೆ.

ಎಂಬತ್ತರ ದಶಕದಲ್ಲಿ ಅವರ ದೇಶದಲ್ಲಿ ಎಲೆಕ್ಷನ್ ಆಯಿತು. ತೆಗೆದುಹಾಕಿದ್ದ ಟೀಚರುಗಳನ್ನು ವಾಪಸ್ ಕರೆಯುತ್ತಿದ್ದಾರೆ, ಹೊಸ ಪಾಠ ಬರೆಯಲು ಅವರನ್ನೂ ಕೂರಿಸಿಕೊಳ್ಳುತ್ತಾರೆ ಎಂದು ಸುದ್ದಿ ಬಂತು. ನಾನು ಕಂಗ್ರಾಟ್ಸ್ ಹೇಳಲು ಓಡಿದೆ. ಅವರು ಕುರ್ಚಿಯಲ್ಲಿ ಕೂತಿದ್ದರು.

"ಜೈಲೆಲ್ಲ ತೆರೆದಿದ್ದಾರೆ," ಅಂದರು. "ಅವಳು ಯಾವ ಜೈಲಲ್ಲೂ ಇಲ್ಲ."

ಅವರು ತಮ್ಮ ಊರಿಗೆ ಹೊರಟ ದಿನ ಏರ್‌ಪೋರ್ಟಿಗೆ ನಾವೇ ಡ್ರೈವ್ ಮಾಡಿಕೊಂಡು ಹೋಗಿ ಬಿಟ್ಟೆವು. ಕೋಟು ತೋಳಿನ ಮೇಲಿತ್ತು. ಸೂಟ್‌ಕೇಸಲ್ಲಿ ಇಡಬಾರದೇ ಎಂದೆ.

"ಮಡಚಿದ್ರೆ ಗೆರೆ ಬೀಳುತ್ತೆ. ಅದೇ ಮೊಳೆಗೆ ತಗುಲಿಸ್ತೀನಿ."

"ಯಾರು ಹಾಕ್ಕೋತಾರೆ?"

"ಯಾರೂ ಇಲ್ಲ. ಇದು ಯಾರದು ಟೀಚರ್ ಅಂತ ಮಕ್ಕಳು ಕೇಳ್ತಾರಲ್ಲ... ಕೇಳ್ಲಿ."

ಆಮೇಲೆ ಒಂದೆರಡು ಕ್ರಿಸ್‌ಮಸ್ ಕಾರ್ಡ್ ಬಂದವು, ಅವೂ ನಿಂತವು. ಮಕ್ಕಳು ಕೇಳಿದರೋ ಇಲ್ಲವೋ, ನನಗೆ ಗೊತ್ತಾಗಲೇ ಇಲ್ಲ. ಅವತ್ತು ಗೇಟಿನ ಹತ್ತಿರ ಅವರು ತಿರುಗಿ ನೋಡಲಿಲ್ಲ; ಜನ ತಾಗಿ ಮುದುಡದಿರಲೆಂದು ಕೋಟನ್ನು ಎತ್ತಿ ಹಿಡಿದು ನಡೆದರು. ಜನರ ನಡುವೆ ಅವರ ತಲೆ ಮರೆಯಾದ ಮೇಲೂ, ನಮ್ಮ ಮನೆಯ ಗಂಜಿಗೆ ಸೆಟೆದಿದ್ದ ಆ ಖಾಲಿ ತೋಳು ಸ್ವಲ್ಪ ಹೊತ್ತು ಕಾಣುತ್ತಿತ್ತು.