ಎದುರು ಮನೆಯಲ್ಲಿಟ್ಟ ಪ್ರಸ್ಥಾನ

ನಮ್ಮವರು ತೀರಿಕೊಂಡ ಮೇಲೆ ಒಂದು ದಿನವೂ ನನ್ನ ಕನಸಿಗೆ ಬರಲಿಲ್ಲ. ಇದಕ್ಕೆ ನನಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬರುತ್ತಿತ್ತು. ಮೂವತ್ತೈದು ವರ್ಷ ಸಂಸಾರ ಮಾಡಿದ ಮನುಷ್ಯ, ಹೋಗುವಾಗ ಹೇಳಿ ಹೋಗಲಿಲ್ಲ, ಹೋದ ಮೇಲೆ ತಿರುಗಿ ನೋಡಲಿಲ್ಲ. ಮನೆಯೊಳಗೆ ಅವರ ಸುಳಿವೇ ಇರಲಿಲ್ಲ. ಇದ್ದದ್ದೆಲ್ಲ ಬಾಗಿಲಾಚೆ. ಸಂಜೆ ಏಳೂ ಹತ್ತಕ್ಕೆ, ಹಿಂದೆ ಅವರು ಪರೇಲಿನ ಆಫೀಸಿನಿಂದ ಬರುತ್ತಿದ್ದ ಹೊತ್ತಿಗೆ ಸರಿಯಾಗಿ, ಮೆಟ್ಟಿಲ ಮೇಲೆ ಚಪ್ಪಲಿ ಎಳೆಯುವ ಸದ್ದು ಕೇಳುತ್ತಿತ್ತು. ನಮ್ಮ ಬಾಗಿಲ ತನಕ ಬಂದು ನಿಲ್ಲುತ್ತಿತ್ತು. ತೆಗೆದರೆ ಯಾರೂ ಇಲ್ಲ, ಎದುರು ಮನೆಯ ಮುಚ್ಚಿದ ಬಾಗಿಲು ಮಾತ್ರ.

“ಬಂದ್ರ ಒಳಗ ಬರ್ರಿ, ಇಲ್ಲಂದ್ರ ಸುಮ್ನ ಹೋಗ್ರಿ!” ಎಂದು ಖಾಲಿ ಪ್ಯಾಸೇಜಿಗೆ ಬೈದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಹೆದರಿಕೆ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಮುಂಬಯಿಯ ಈ ಭಾಂಡುಪ್‌ನಿಂದ ಪರೇಲಿಗೆ ಲೋಕಲ್ ರೈಲಿನಲ್ಲಿ ಹೋಗಿ ಬರುವುದರಲ್ಲೇ ಅವರ ಆಯುಷ್ಯ ಸವೆದಿತ್ತು. ವಿಜಯಪುರದ ಬಿಸಿಲಲ್ಲಿ ಬೆಳೆದವರಿಗೆ ಅದೆಲ್ಲಿಂದ ಅಂಟಿಕೊಂಡಿತೋ, ಹಿಮ ನೋಡುವ ಹುಚ್ಚು. ರಿಟೈರ್ ಆದ ಮರುದಿನದಿಂದ ಒಂದೇ ಜಪ.

“ಒಂದ್ಸಲ ಮನಾಲಿಗೆ ಹೋಗಿ ಹಿಮಾ ಮುಟ್ಟಿ ಬರೋಣ ನಡಿ.”

“ಫ್ರಿಜ್ಜಿನ್ಯಾಗ ಕೈ ಇಡ್ರಿ. ಮುಟ್ಟಿದಂಗಾತು.”

ನನಗೆ ನನ್ನ ಮನೆ ಸಾಕಾಗಿತ್ತು. ಬೇಸತ್ತ ಸಾಕಲ್ಲ, ಹೊಟ್ಟೆ ತುಂಬಿದ ಸಾಕು. ಎರಡು ಕೋಣೆ, ಕಿಟಕಿಯ ಕಬ್ಬಿಣದ ಜಾಳಿಯಲ್ಲಿ ಕರಿಬೇವಿನ ಕುಂಡ, ಮಳೆಗಾಲ ಬಂದರೆ ಹಸಿರಾಗುವ ಹಿಂದಿನ ಗುಡ್ಡ. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದು, ಡ್ರಮ್ಮು ತುಂಬಿ, ಮೊದಲ ಚಹಾ ಕುಡಿಯುವಾಗಿನ ಸುಖ ಯಾವ ಮನಾಲಿಯಲ್ಲಿ ಸಿಕ್ಕೀತು? ಆದರೆ ಅದನ್ನು ಹೇಳಲು ಬರದೆ ಮಂಡಿನೋವು, ಶ್ರಾವಣ, ಪಿತೃಪಕ್ಷ ಅಂತ ವರ್ಷಕ್ಕೊಂದು ನೆವ ಹೇಳಿದೆ. “ಆತು ಬಿಡು, ಮುಂದಿನ ವರ್ಷ” ಎಂದು ಅವರು ನಗುತ್ತಿದ್ದರು. ನಾನು ಗೆದ್ದೆ ಎಂದುಕೊಳ್ಳುತ್ತಿದ್ದೆ.

ಅದೇ ದಿನಗಳಲ್ಲಿ ನನ್ನ ಕಡುನೀಲಿ ಇಳಕಲ್ ಸೀರೆ ಕಾಣೆಯಾಯಿತು. ತವರಿನವರು ಕೊಟ್ಟದ್ದು. ಇಸ್ತ್ರಿಯವನೇ ಕಳೆದಿದ್ದಾನೆಂದು ಇಡೀ ಬಿಲ್ಡಿಂಗಿಗೆ ಕೇಳುವಂತೆ ಅವನ ಮೇಲೆ ಹರಿಹಾಯ್ದೆ. ಇವರು ಪೇಪರ್ ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು.

ಮೂರನೆಯ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಎದೆನೋವು ಎಂದರು. ಮಧ್ಯಾಹ್ನದೊಳಗೆ ಮುಗಿದುಹೋಯಿತು.

ಅವರ ವರ್ಷಾಂತಿಕದ ಶ್ರಾದ್ಧವೂ ಆದ ಮೇಲೆ ಎದುರು ಮನೆಯವರು ಅಂಧೇರಿಗೆ ಹೋಗುವುದೆಂದಾಯಿತು. ಉಡುಪಿ ಕಡೆಯವರು, ಆಕೆಯ ಗಂಡನ ಹೋಟೆಲು ಅಂಧೇರಿಯಲ್ಲೇ ಇದೆ. ಸಾಮಾನು ಸಾಗಿಸುವ ದಿನ ಬೆಳಿಗ್ಗೆ ಆಕೆ ಒಂದು ರೆಕ್ಸಿನ್ ಚೀಲ ಹಿಡಿದು ಬಂದರು. ಒಳಗೆ ಕರೆದರೂ ಬರದೆ ಹೊಸಿಲಾಚೆಯೇ ನಿಂತರು.

“ಅಕ್ಕ, ಇದು ನಿಮ್ಮ ಯಜಮಾನ್ರದ್ದು. ಪ್ರಸ್ಥಾನ ಅಂತ ನಮ್ಮಲ್ಲಿ ಇಟ್ಟಿದ್ರು. ನಿಮಗೆ ಹೇಳುದು ಬೇಡ ಅಂದಿದ್ರು.”

ನಮ್ಮ ಕಡೆ ದೂರದ ಪ್ರಯಾಣಕ್ಕೆ ಒಳ್ಳೆಯ ದಿನ ಕೂಡಿ ಬಂದು, ಅಂದು ಹೊರಡಲಾಗದಿದ್ದರೆ, ಸ್ವಂತ ಬಟ್ಟೆಯ ಗಂಟಿನಲ್ಲಿ ಅರಿಶಿನದ ಕೊಂಬು, ಅಡಿಕೆ ಇಟ್ಟು ನೆರೆಮನೆಯಲ್ಲಿ ಇಡುತ್ತಾರೆ. ಅಲ್ಲಿಗೆ ಹೊರಟಂತೆಯೇ. ಆಮೇಲೆ ಅನುಕೂಲವಾದ ದಿನ ಗಂಟು ಎತ್ತಿಕೊಂಡು ಹಾಗೇ ಮುಂದೆ ನಡೆಯಬೇಕು. ಮತ್ತೆ ಮನೆಯೊಳಗೆ ತರಬಾರದು, ತಂದರೆ ಪ್ರಯಾಣ ಮುರಿಯಿತು. ಎರಡು ಮೂರು ದಿನದ ಮಾತು ಅದು. ಇವರದು ನಾಲ್ಕನೆಯ ವರ್ಷ ನಡೆದಿತ್ತು.

“ಯುಗಾದಿ ಕಳೆದ ಮೇಲೆ ಬಂದು ಹಳೆ ಅಡಿಕೆ ತೆಗೆದು ಹೊಸತು ಇಡ್ತಿದ್ರು ಅಕ್ಕ. ‘ಈ ಸಲ ಒಪ್ತಾಳ್ರೀ’ ಅಂತಿದ್ರು. ಅವರು ಹೋದ ಮೇಲೆ ನಿಮಗೆ ಹೇಗೆ ಕೊಡುದು, ನಂಗೆ ಧೈರ್ಯವೇ ಬರ್ಲಿಲ್ಲ. ಅಂಧೇರಿಗೆ ತಕೊಂಡು ಹೋಗ್ಲಿಕ್ಕೂ ಮನಸ್ಸಿಲ್ಲ, ಬೇರೆಯವರ ಪ್ರಯಾಣ ಅಲ್ವಾ? ಒಳಗೆ ಮಾತ್ರ ತಕೊಳ್ಬೇಡಿ, ಆಯ್ತಾ?”

ಆಕೆ ಕಣ್ಣೊರೆಸಿಕೊಂಡು ಹೋದರು. ನಾನು ಪ್ಯಾಸೇಜಿನ ನೆಲದ ಮೇಲೆ ಕೂತು ಚೀಲ ಬಿಚ್ಚಿದೆ. ಅವರ ಎರಡು ಅಂಗಿ. ಎರಡು ಸ್ವೆಟರ್, ಒಂದು ಕಂದು, ಒಂದು ಚಿಕ್ಕದು, ಕೆಂಪು. ಅವುಗಳ ಕೆಳಗೆ ನನ್ನ ಇಳಕಲ್ ಸೀರೆ.

ಅಯ್ಯೋ ಪುಣ್ಯಾತ್ಮ! ನಾನು ಮನೆ ಬಿಟ್ಟು ಕದಲುವುದಿಲ್ಲವೆಂದು ಹಟ ಹಿಡಿದ ಅಷ್ಟೂ ವರ್ಷ ನನ್ನನ್ನೂ ಹೊರಡಿಸಿ ಇಟ್ಟಿದ್ದರು. ಏಳೂ ಹತ್ತರ ಚಪ್ಪಲಿಯ ಸದ್ದು ಆಗ ನನಗೆ ತಿಳಿಯಿತು. ಹೊರಟು ನಿಂತವರು ಒಳಗೆ ಹೇಗೆ ಬಂದಾರು? ನನ್ನನ್ನು ಕರೆಯಲು ಬಂದು ನಿಲ್ಲುತ್ತಿದ್ದರು.

ಮಧ್ಯಾಹ್ನ ಎದುರಿನವರ ಟೆಂಪೋ ಹೋಯಿತು. ಚೀಲ ಹೊಸಿಲಾಚೆ ಇತ್ತು, ನಾನು ಈಚೆ. ಎತ್ತಿಕೊಂಡು ಹೊರಟುಬಿಡಲೇ ಎಂದು ಒಂದು ಸಲ ಅನ್ನಿಸಿತು. ಆದರೆ ನನ್ನ ಹಟ ಎಲ್ಲಿ ಹೋದೀತು. ಮನಾಲಿ ಬೇಡ, ಹಿಮ ಬೇಡ, ನನಗೆ ನನ್ನ ಗಂಡ ಮನೆಯಲ್ಲಿ ಬೇಕು. ಏಳು ಹೊಡೆಯುವುದರೊಳಗೆ ಚೀಲ ಎತ್ತಿ ಒಳಗೆ ತಂದು ಅವರ ಮಂಚದ ಮೇಲಿಟ್ಟೆ. ದೀಪ ಹಚ್ಚಿದೆ, ಎರಡು ಕಪ್ ಚಹಾ ಮಾಡಿದೆ, ಬಾಗಿಲು ತೆರೆದಿಟ್ಟೆ.

ಏಳೂ ಹತ್ತು ಆಯಿತು. ಏಳೂವರೆ ಆಯಿತು. ಚಹಾದ ಮೇಲೆ ಕೆನೆ ಕಟ್ಟಿತು. ಮೆಟ್ಟಿಲ ಮೇಲೆ ಸದ್ದಿಲ್ಲ.

ಮರುದಿನವೂ ಇಲ್ಲ. ಎಂಟು ದಿನ ಕಾದೆ. ಕಡೆಗೆ ಫ್ರಿಜ್ಜು ತೆಗೆದು, ಮೇಲಿನ ಐಸಿನ ಮೇಲೆ ಕೈ ಇಟ್ಟು ನಿಂತೆ. ಬೆರಳು ಮರಗಟ್ಟಿದವು. ಇದಲ್ಲ ಅವರು ಕೇಳಿದ್ದು ಎಂದು ಜೋರಾಗಿ ಅತ್ತೆ.

ಮೊನ್ನೆ ಪಂಚಾಂಗದಲ್ಲಿ ಪ್ರಯಾಣಕ್ಕೆ ಒಳ್ಳೆಯ ದಿನವಿತ್ತು. ನಾನು ಮುರಿದ ಪ್ರಸ್ಥಾನ ಮತ್ತೆ ಇಡೋಣವೆಂದು ಹಳೆಯ ಅಡಿಕೆ ತೆಗೆದು ಹೊಸದು ಇಟ್ಟೆ. ಸೀರೆ ಮತ್ತೆ ಮಡಚಿದೆ, ಮೇಲೆ ಆ ಕೆಂಪು ಸ್ವೆಟರ್ ಇಟ್ಟೆ. ಸಂಜೆ ಏಳೂ ಹತ್ತಕ್ಕೆ ಚೀಲ ಹಿಡಿದು ಹೊಸಿಲು ದಾಟಿ, “ನಡೀರಿ, ಒಪ್ಪೀನಿ, ಹೋಗೋಣು” ಎಂದೆ.

ಎದುರು ಮನೆಗೆ ಬೀಗ ಹಾಕಿತ್ತು. ಚೀಲ ಇಟ್ಟುಕೊಳ್ಳುವವರು ಯಾರೂ ಇರಲಿಲ್ಲ.